ಮಳೆನಾಡಿನ ಕಾಂಕ್ರೀಟಿಗೆ ಬಲ ಎಲ್ಲಿಂದ?

ಗೋಣಿಕೊಪ್ಪದಿಂದ ಪೊನ್ನಂಪೇಟೆ ಹಾದು ಕುಟ್ಟಕ್ಕೆ ಹೋಗುವ ದಾರಿಯಲ್ಲಿ, ಬ್ರಹ್ಮಗಿರಿ ಬೆಟ್ಟಸಾಲಿನ ಮಗ್ಗುಲಿಗೆ ಶ್ರೀಮಂಗಲವಿದೆ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ ತಿಂಗಳು ಕಳೆದು ಕೈಲ್‌ಪೊಳ್ದ್ ಹಬ್ಬ ಬಂದರೂ ಪೂರ್ತಿ ಬಿಡುವುದಿಲ್ಲ. ಪುತ್ತರಿ ಹಬ್ಬ ಮುಗಿಯುತ್ತಲೇ ಕಾಫಿ ಕೊಯ್ಲು. ಕಾಫಿ ಕಣ, ಲೈನ್ ಮನೆ, ತಡೆಗೋಡೆ, ನೀರಿನ ತೊಟ್ಟಿ, ಮನೆಯ ತಾರಸಿ ಎಲ್ಲವೂ ಆ ಕೊಯ್ಲಿಗೂ ಮುಂದಿನ ಮಳೆಗೂ ನಡುವಿನ ಕೆಲವೇ ತಿಂಗಳಲ್ಲಿ ಮುಗಿಯಬೇಕು. ಹೀಗೆ ಅವಸರದಲ್ಲಿ ಹಾಕಿದ ಕಾಂಕ್ರೀಟ್ ಮುಂದೆ ವರ್ಷವರ್ಷವೂ ತಿಂಗಳುಗಟ್ಟಲೆ ನೆನೆಯಬೇಕು.

ಇಂಥ ಊರಿನಲ್ಲಿ ಮನೆ ಕಟ್ಟಲು ಹೊರಟವರಿಗೆ ಎರಡು ಬಗೆಯ ಸಲಹೆ ಸಿಗುತ್ತದೆ. ಮೂಟೆಗೆ ಇಷ್ಟು ಎಂದು ಅಳೆದು ಸುರಿಯುವ ದ್ರಾವಣವನ್ನೋ ಪುಡಿಯನ್ನೋ ಬೆರೆಸಿ ಎನ್ನುವುದು ಒಂದು. ಕಲಸುವ ನೀರನ್ನೇ ಸಂಸ್ಕರಿಸಿ, ಅಯಸ್ಕಾಂತದ ನಡುವೆ ಹಾಯಿಸಿ, ಸಿಮೆಂಟು ತಾನಾಗಿ ಗಟ್ಟಿಯಾಗುತ್ತದೆ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ. ಅದು ಎಷ್ಟು, ಅದರಲ್ಲಿ ಕೊಡಗಿನ ದಕ್ಷಿಣದ ಈ ಮೂಲೆಗೆ ಒದಗುವುದು ಯಾವುದು ಎಂದು ನೋಡುವುದು ಈ ಸಮೀಕ್ಷೆಯ ಉದ್ದೇಶ.

ಬಲದ ಮೂಲ ಲೆಕ್ಕ

1918ರಲ್ಲಿ ಷಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟ್‌ನ ಡಫ್ ಅಬ್ರಾಮ್ಸ್ ಒಂದು ನಿಯಮವನ್ನು ಪ್ರಕಟಿಸಿದರು. ಚೆನ್ನಾಗಿ ಕಲಸಿ, ಪೊಳ್ಳು ಉಳಿಯದಂತೆ ದಮ್ಮಸ್ಸು ಮಾಡಿದ ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ಸಿಮೆಂಟಿನ ತೂಕಕ್ಕೆ ಎಷ್ಟು ನೀರು ಎಂಬ ಅನುಪಾತ; ನೀರು ಹೆಚ್ಚಿದಷ್ಟೂ ಬಲ ಕುಸಿಯುತ್ತದೆ. ನೂರು ವರ್ಷ ಕಳೆದರೂ ಈ ನಿಯಮ ಅಲುಗಿಲ್ಲ.

ಕಾರಣ ಸರಳ. ಸಿಮೆಂಟು ರಾಸಾಯನಿಕವಾಗಿ ಹಿಡಿದಿಟ್ಟುಕೊಳ್ಳುವ ನೀರು ಅದರ ತೂಕದ ಕಾಲು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. 50 ಕಿಲೋ ಮೂಟೆಗೆ ಲೆಕ್ಕ ಹಾಕಿದರೆ ಸುಮಾರು 12 ಲೀಟರ್. ಸಿಮೆಂಟು ನೀರು ಕೂಡಿ ಹುಟ್ಟಿದ ಅಂಟಿನ ಸೂಕ್ಷ್ಮ ರಂಧ್ರಗಳಲ್ಲಿ ನಿಲ್ಲುವ ನೀರನ್ನೂ ಸೇರಿಸಿದರೆ 20 ಲೀಟರಿನ ಆಸುಪಾಸು. ಅದಕ್ಕಿಂತ ಹೆಚ್ಚು ಸುರಿದದ್ದೆಲ್ಲ ಕಾಂಕ್ರೀಟ್ ಸಲೀಸಾಗಿ ಹರಿಯಲಿ ಎಂಬುದಕ್ಕಷ್ಟೇ. ಆ ನೀರು ಕ್ರಮೇಣ ಆರಿಹೋಗಿ ತಾನಿದ್ದ ಜಾಗವನ್ನು ರಂಧ್ರವಾಗಿ ಬಿಟ್ಟುಹೋಗುತ್ತದೆ. ಮೂಟೆಗೆ 22.5 ಲೀಟರ್ ಇದ್ದದ್ದು 30 ಲೀಟರ್ ಆದರೆ ಅನುಪಾತ 0.45ರಿಂದ 0.60ಕ್ಕೆ ಏರುತ್ತದೆ, ಬಲದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕರಗುತ್ತದೆ. ಇಷ್ಟನ್ನು ತುಂಬಿಕೊಡುವ ಪುಡಿಯಾಗಲಿ ದ್ರಾವಣವಾಗಲಿ ಪೇಟೆಯಲ್ಲಿ ಸುಲಭಕ್ಕೆ ಸಿಗದು.

ಭಾರತದ ಕಾಂಕ್ರೀಟ್ ಸಂಹಿತೆಯಾದ ಐಎಸ್ 456 (2000ನೇ ಇಸವಿಯ ಆವೃತ್ತಿ) ವಾತಾವರಣಕ್ಕೆ ತಕ್ಕಂತೆ ಮಿತಿಗಳನ್ನು ಹಾಕಿದೆ. ಜೋರು ಮಳೆಗೆ ಮೈಯೊಡ್ಡುವ, ನೆನೆದು ಒಣಗಿ ಮತ್ತೆ ನೆನೆಯುವ ಕಾಂಕ್ರೀಟನ್ನು ಅದು 'ತೀವ್ರ' ವರ್ಗದಲ್ಲಿ ಇರಿಸುತ್ತದೆ. ಕಬ್ಬಿಣ ಹಾಕಿದ ಕೆಲಸಕ್ಕೆ ಅಲ್ಲಿ ಕನಿಷ್ಠ ಎಂ-30 ದರ್ಜೆ, ಘನಮೀಟರಿಗೆ 320 ಕಿಲೋ ಸಿಮೆಂಟ್, ಅನುಪಾತ 0.45ರೊಳಗೆ ಇರಬೇಕು. ಕಾಫಿ ಕಣದಂಥ ಕಬ್ಬಿಣವಿಲ್ಲದ ಕೆಲಸಕ್ಕೆ 0.50 ಮಿತಿ. ಶ್ರೀಮಂಗಲದ ಬಯಲಿನಲ್ಲಿ ನಿಲ್ಲುವ ಕಂಬ, ಸಜ್ಜಾ, ತಡೆಗೋಡೆಗಳೆಲ್ಲ ಈ ವರ್ಗಕ್ಕೇ ಸೇರಬೇಕು. ರೂಢಿಯಲ್ಲಿ ಮಾತ್ರ ಊರೆಲ್ಲ 1:1.5:3ರ (ಸಿಮೆಂಟ್, ಮರಳು, ಜಲ್ಲಿ) ಎಂ-20 ಮಿಶ್ರಣವೇ ನಡೆಯುತ್ತದೆ, ಅದೂ ಬಕೆಟ್ ಲೆಕ್ಕದ ನೀರಿನಲ್ಲಿ.

ಮರಳಿನೊಳಗೆ ಕೂತ ಮಳೆ

ಬಕೆಟ್ ಲೆಕ್ಕವೂ ಈ ಊರಿನಲ್ಲಿ ನಿಲ್ಲುವುದಿಲ್ಲ. 1:1.5:3ರ ಮಿಶ್ರಣದಲ್ಲಿ ಒಂದು ಮೂಟೆ ಸಿಮೆಂಟಿಗೆ ಬೀಳುವ ಮರಳು ಸುಮಾರು 80 ಕಿಲೋ. ಹಿಂದಿನ ರಾತ್ರಿ ಮಳೆ ಬಿದ್ದು ರಾಶಿ ನೆನೆದಿದ್ದರೆ ಅದರ ಮೈಗೆ ಅಂಟಿದ ನೀರು ಶೇಕಡಾ 5ರಿಂದ 8ರವರೆಗೆ ಇರಬಹುದು. ಎಂದರೆ ಮೂಟೆಗೆ ನಾಲ್ಕರಿಂದ ಆರೂವರೆ ಲೀಟರ್ ನೀರು ಯಾರೂ ಸುರಿಯದೆಯೇ ಮಿಕ್ಸರ್ ಸೇರಿರುತ್ತದೆ. ಮೇಸ್ತ್ರಿ ನಿಯಮದಂತೆ 25 ಲೀಟರ್ ಸುರಿದರೂ ಒಳಗಿರುವುದು 30ರ ಆಸುಪಾಸು.

ಒದ್ದೆ ಮರಳು ಉಬ್ಬುತ್ತದೆ ಕೂಡ. ಅಳತೆ ಪೆಟ್ಟಿಗೆಯಲ್ಲಿ ಒಣ ಮರಳಿನಷ್ಟೇ ತುಂಬಿದರೂ ನಿಜವಾದ ಮರಳು ಕಾಲು ಭಾಗದಷ್ಟು ಕಡಿಮೆಯಾಗಬಹುದು. ಹೊಳೆಮರಳಿನ ಬದಲು ಬಂದಿರುವ ಎಂ-ಸ್ಯಾಂಡ್‌ನಲ್ಲಿ ಧೂಳು ಹೆಚ್ಚಿದ್ದರೆ ಅದು ಇನ್ನಷ್ಟು ನೀರು ಕೇಳುತ್ತದೆ. ರಾಶಿಗೆ ಟಾರ್ಪಾಲು ಹೊದಿಸಿ, ನೆಲ ಇಳಿಜಾರಾಗಿರುವಂತೆ ನೋಡಿಕೊಂಡು, ಒದ್ದೆಯಾಗಿದ್ದರೆ ಅಷ್ಟು ನೀರನ್ನು ಬಕೆಟ್ಟಿನಿಂದ ಕಳೆಯುವುದು ಕಾಸು ಖರ್ಚಿಲ್ಲದ ಉಪಾಯ. ಇದರಿಂದ ಉಳಿಯುವಷ್ಟು ಬಲ ಅನೇಕ ಡಬ್ಬಿಗಳು ಕೊಡುವ ಭರವಸೆಗಿಂತ ದೊಡ್ಡದು.

ನೀರು ಇಳಿಸುವ ದ್ರಾವಣಗಳು

ನೀರು ಕಡಿಮೆ ಮಾಡಿದರೆ ಕಾಂಕ್ರೀಟ್ ಗಡುಸಾಗಿ ಸೆಂಟ್ರಿಂಗ್‌ನ ಮೂಲೆಗೆ ಇಳಿಯುವುದಿಲ್ಲ. ಕಬ್ಬಿಣದ ಸುತ್ತ ಪೊಳ್ಳು ಉಳಿಯುತ್ತದೆ. ಉಳಿದ ಪೊಳ್ಳು ಶೇಕಡಾ 1ರಷ್ಟಿದ್ದರೂ ಬಲದಲ್ಲಿ ಸುಮಾರು ಶೇಕಡಾ 5 ಹೋಗುತ್ತದೆ. ಈ ಇಕ್ಕಟ್ಟಿನಿಂದ ಪಾರು ಮಾಡುವವೇ ಪ್ಲಾಸ್ಟಿಸೈಜರ್‌ಗಳು. ನೀರಿನಲ್ಲಿ ಸಿಮೆಂಟಿನ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗಿ, ಗುಂಪಿನ ನಡುವೆ ನೀರನ್ನು ಸೆರೆಹಿಡಿಯುತ್ತವೆ. ಈ ರಾಸಾಯನಿಕ ಕಣಗಳ ಮೈಗೆ ಹತ್ತಿಕೊಂಡು ಅವನ್ನು ಬಿಡಿಸುತ್ತದೆ. ಸೆರೆಯ ನೀರು ಹರಿವಿಗೆ ಒದಗುತ್ತದೆ.

ಇವುಗಳಲ್ಲಿ ಮೂರು ತಲೆಮಾರು. ಕಾಗದದ ಕಾರ್ಖಾನೆಯ ಉಪೋತ್ಪನ್ನವಾದ ಲಿಗ್ನೊಸಲ್ಫೊನೇಟ್ 1930ರ ದಶಕದಿಂದ ಬಳಕೆಯಲ್ಲಿದೆ, ಶೇಕಡಾ 5ರಿಂದ 10ರಷ್ಟು ನೀರು ಇಳಿಸುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲಿ ನಾಫ್ತಲೀನ್ ಜಾತಿಯದೂ ಜರ್ಮನಿಯಲ್ಲಿ ಮೆಲಮೈನ್ ಜಾತಿಯದೂ ಸೂಪರ್‌ಪ್ಲಾಸ್ಟಿಸೈಜರ್‌ಗಳಾಗಿ ಬಂದವು. 1980ರ ದಶಕದಲ್ಲಿ ಜಪಾನಿನಿಂದಲೇ ಬಂದ ಪಾಲಿಕಾರ್ಬಾಕ್ಸಿಲೇಟ್ ಜಾತಿ ಶೇಕಡಾ 30ರವರೆಗೂ ನೀರು ಉಳಿಸಬಲ್ಲದು. ಹಾರ್ಡ್‌ವೇರ್ ಅಂಗಡಿಯಲ್ಲಿ 'ವಾಟರ್‌ಪ್ರೂಫ್ ಲಿಕ್ವಿಡ್' ಎಂದು ಮೂಟೆಗೆ 200 ಮಿಲಿಲೀಟರ್ ಲೆಕ್ಕದಲ್ಲಿ ಮಾರುವ ಡಬ್ಬಿಗಳಲ್ಲಿ ಹಲವು ಮೊದಲ ತಲೆಮಾರಿನ ಈ ದ್ರಾವಣವೇ.

ಇಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. ದ್ರಾವಣ ತಾನಾಗಿ ಬಲ ಕೊಡುವುದಿಲ್ಲ, ನೀರು ಕಳೆಯಲು ಅವಕಾಶ ಕೊಡುತ್ತದೆ. ಎಂದಿನಷ್ಟೇ ನೀರು ಸುರಿದು ಮೇಲೆ ಇದನ್ನೂ ಹಾಕಿದರೆ ಕಾಂಕ್ರೀಟ್ ಸಾರಿನಂತೆ ಹರಿದು ಜಲ್ಲಿ ಕೆಳಗೆ, ಸಿಮೆಂಟಿನ ಹಾಲು ಮೇಲೆ ನಿಲ್ಲುತ್ತದೆ. ಹೇಳಿದ್ದಕ್ಕಿಂತ ಹೆಚ್ಚು ಹಾಕಿದರೆ ಮರುದಿನವೂ ಗಟ್ಟಿಯಾಗದಿರಬಹುದು. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಈ ಡಬ್ಬಿಗೆ ಅಕ್ಷರಶಃ ಸಲ್ಲುತ್ತದೆ.

ಮಳೆ ಮೋಡ ಕಂಡಾಗ ನೆನಪಾಗುವುದು ಬೇಗ ಗಟ್ಟಿಯಾಗಿಸುವ ಮದ್ದು. ಅಗ್ಗದ ಹಳೆಯ ಮದ್ದು ಕ್ಯಾಲ್ಸಿಯಂ ಕ್ಲೋರೈಡ್. ಅದರ ಕ್ಲೋರೈಡ್ ಕಬ್ಬಿಣವನ್ನು ತುಕ್ಕಿಗೆ ಒಪ್ಪಿಸುತ್ತದೆ. ತೇವ ಆರದ ನಾಡಿನಲ್ಲಿ ತುಕ್ಕಿನ ವೇಗ ಇನ್ನೂ ಹೆಚ್ಚು. ಕಬ್ಬಿಣವಿರುವ ಯಾವ ಕೆಲಸಕ್ಕೂ ಅದು ಬೇಡ. ಬೇಕೇ ಬೇಕೆಂದಾದರೆ ಕ್ಲೋರೈಡ್ ಇಲ್ಲದ ನೈಟ್ರೇಟ್, ಫಾರ್ಮೇಟ್ ಜಾತಿಯವು ಇವೆ.

ಸುಣ್ಣವನ್ನು ಬಲವಾಗಿಸುವ ಪುಡಿಗಳು

ಸಿಮೆಂಟು ನೀರಿನೊಡನೆ ಬೆರೆತಾಗ ಬಲ ಕೊಡುವ ಅಂಟಿನ ಜತೆಗೆ ಸುಣ್ಣವೂ ಹುಟ್ಟುತ್ತದೆ. ಗಟ್ಟಿಯಾದ ಸಿಮೆಂಟಿನಲ್ಲಿ ಅದರ ಪಾಲು ಐದನೇ ಒಂದರಷ್ಟು ಇರುತ್ತದೆ. ಈ ಸುಣ್ಣಕ್ಕೆ ಬಲ ಕಡಿಮೆ, ನೀರಿನಲ್ಲಿ ಕರಗುವ ಗುಣ ಹೆಚ್ಚು. ಸರಿಯಾಗಿ ಸುಟ್ಟ, ನುಣ್ಣಗಿನ ಸಿಲಿಕಾ ಸಿಕ್ಕರೆ ಅದರೊಡನೆ ಕೂಡಿ ಇದೇ ಸುಣ್ಣ ಮತ್ತಷ್ಟು ಅಂಟಾಗುತ್ತದೆ. ಪೊಜೊಲಾನ್ ಎಂಬ ಹೆಸರಿನ ಪುಡಿಗಳ ಕೆಲಸ ಇದು.

ಕನ್ನಡನಾಡಿಗೆ ಇದು ಹೊಸದೇನಲ್ಲ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯನ್ನು ವಿಶ್ವೇಶ್ವರಯ್ಯನವರ ಕಾಲದ ಎಂಜಿನಿಯರರು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ: ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದದ್ದು. ಸುಟ್ಟ ಜೇಡಿಯ ಈ ಹಳೆಯ ವಿದ್ಯೆಯೇ ಈಗ ಸುಧಾರಿಸಿಕೊಂಡು ಹಿಂದಿರುಗಿದೆ. ಅರ್ಧದಷ್ಟು ಮಾತ್ರ ಕ್ಲಿಂಕರ್ (ಸಿಮೆಂಟಿನ ಮೂಲವಾದ ಸುಟ್ಟ ಗಟ್ಟಿ) ಇಟ್ಟು ಉಳಿದದ್ದಕ್ಕೆ ಸುಟ್ಟ ಜೇಡಿ, ಸುಣ್ಣಕಲ್ಲು, ಜಿಪ್ಸಂ ಬೆರೆಸಿದ ಎಲ್‌ಸಿ3 ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ.

ಶ್ರೀಮಂಗಲದ ಸುತ್ತ ಒಡೆದ ಮಂಗಳೂರು ಹೆಂಚಿಗೆ ಬರವಿಲ್ಲ. ಅದನ್ನು ಪುಡಿ ಮಾಡಿ ಬೆರೆಸಬಹುದೇ? ಸುಣ್ಣದ ಗಾರೆಗೆ ಧಾರಾಳವಾಗಿ ಬೆರೆಸಬಹುದು. ಸಿಮೆಂಟಿಗೆ ಮಾತ್ರ ಸಿಮೆಂಟಿನಷ್ಟೇ ನುಣ್ಣಗೆ ಅರೆದಿರಬೇಕು. ಹೆಂಚನ್ನು ಸುಡುವ ಬಿಸಿ, ಜೇಡಿ ಅತಿ ಚುರುಕಾಗಿರುವ 600ರಿಂದ 800 ಡಿಗ್ರಿಯ ಹದಕ್ಕಿಂತ ಮೇಲಕ್ಕೆ ಹೋಗಿದ್ದರೆ ಫಲ ಅಷ್ಟಕ್ಕಷ್ಟೆ. ಕೈಯಿಂದ ಕುಟ್ಟಿದ ಪುಡಿ ಬರಿಯ ಮರಳಿನ ಕೆಲಸ ಮಾಡೀತು.

ಭತ್ತದ ಹೊಟ್ಟಿನ ಬೂದಿ ಇನ್ನೊಂದು ಆಸೆ. ಹದವಾದ ಬಿಸಿಯಲ್ಲಿ ಸುಟ್ಟರೆ ಅದರಲ್ಲಿ ಶೇಕಡಾ 85ಕ್ಕೂ ಮೇಲ್ಪಟ್ಟು ಚುರುಕಾದ ಸಿಲಿಕಾ ಇರುತ್ತದೆ, ಬರ್ಕ್ಲಿಯ ಪಿ. ಕುಮಾರ್ ಮೆಹ್ತಾ ಅವರು ದಶಕಗಳ ಹಿಂದೆಯೇ ಇದನ್ನು ತೋರಿಸಿಕೊಟ್ಟರು. ಅಕ್ಕಿ ಗಿರಣಿಯ ಬಾಯ್ಲರಿನಲ್ಲಿ ಹೇಗೆಂದರೆ ಹಾಗೆ ಸುಟ್ಟ ಕರಿಬೂದಿಯಲ್ಲಿ ಇಂಗಾಲ ಉಳಿದಿರುತ್ತದೆ, ಅದು ನೀರು ಕುಡಿಯುತ್ತದೆ. ಕಾಫಿ ಹೊಟ್ಟಿನ ಬೂದಿಯಲ್ಲಂತೂ ಪೊಟ್ಯಾಶ್ ಹೆಚ್ಚು, ಸಿಲಿಕಾ ಕಡಿಮೆ. ಅದು ಗಿಡದ ಬುಡಕ್ಕೆ ಹೋಗುವುದೇ ಸರಿ.

ನಂಬಿಕೆಗೆ ಅರ್ಹವಾದ ಪುಡಿಗಳು ಈಗಾಗಲೇ ಮೂಟೆಯೊಳಗೇ ಇವೆ. ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಪಿಪಿಸಿ (ಪೊಜೊಲಾನ್ ಬೆರೆಸಿದ ಪೋರ್ಟ್‌ಲ್ಯಾಂಡ್) ಸಿಮೆಂಟಿನಲ್ಲಿ ಶೇಕಡಾ 15ರಿಂದ 35ರವರೆಗೆ ಇರುತ್ತದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳ ಕಿಟ್ಟದಿಂದ ಸ್ಲ್ಯಾಗ್ ಸಿಮೆಂಟ್ ಆಗುತ್ತದೆ. ಪಿಪಿಸಿ ಕೊಂಡವರು ಕೆಲಸದ ಜಾಗದಲ್ಲಿ ಮತ್ತೆ ಹಾರುಬೂದಿ ಬೆರೆಸುವ ಸಾಹಸಕ್ಕೆ ಹೋಗಬಾರದು.

ಕೊಡಗಿಗೆ ಈ ಸಿಮೆಂಟುಗಳು ವಿಶೇಷವಾಗಿ ಒಪ್ಪುವುದಕ್ಕೆ ಕಾರಣ ಇಲ್ಲಿನ ನೀರು. ಮಳೆಯ ನೀರೂ ಬೆಟ್ಟದ ತೊರೆಯ ನೀರೂ ಮೆದು, ಲವಣ ಕಡಿಮೆ. ಕಲಸಲು ಇದಕ್ಕಿಂತ ಒಳ್ಳೆಯ ನೀರಿಲ್ಲ. ಆದರೆ ತಾರಸಿಯ ಮೇಲೆ, ತೊಟ್ಟಿಯ ಒಳಗೆ ತಿಂಗಳುಗಟ್ಟಲೆ ನಿಂತರೆ ಇದೇ ಮೆದು ನೀರು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿ ಹೊರತರುತ್ತದೆ. ತಾರಸಿಯ ಅಡಿಯಲ್ಲಿ ಬಿಳಿ ಗೆರೆಯಾಗಿ ಇಳಿಯುವುದು ಆ ಸುಣ್ಣವೇ. ಸುಣ್ಣವನ್ನು ಮೊದಲೇ ಅಂಟಾಗಿ ಮಾಡಿಕೊಂಡ ಪಿಪಿಸಿ, ಸ್ಲ್ಯಾಗ್ ಸಿಮೆಂಟುಗಳಲ್ಲಿ ಕರಗಲು ಸಿಗುವುದು ಕಡಿಮೆ.

ಪುಡಿಗಳಲ್ಲಿ ಅತಿ ಬಲದ್ದು ಸಿಲಿಕಾ ಫ್ಯೂಮ್, ಸಿಮೆಂಟಿನ ಕಣಕ್ಕಿಂತ ಸುಮಾರು ನೂರು ಪಟ್ಟು ಸಣ್ಣದು. ಕರ್ನಾಟಕದಲ್ಲಿ ಇದರ ಹೆಸರಾಂತ ಬಳಕೆ ಕೈಗಾದಲ್ಲಿ. 1994ರ ಮೇ 13ರಂದು ಅಲ್ಲಿ ಕಟ್ಟುತ್ತಿದ್ದ ಅಣುಸ್ಥಾವರದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಮರುವಿನ್ಯಾಸದ ಗುಮ್ಮಟಕ್ಕೆ ಸಿಲಿಕಾ ಫ್ಯೂಮ್ ಬೆರೆಸಿದ ಎಂ-60 ಕಾಂಕ್ರೀಟ್ ಹಾಕಲಾಯಿತು. ಬಿದ್ದದ್ದಕ್ಕೆ ಮುಖ್ಯ ಕಾರಣ ವಿನ್ಯಾಸದಲ್ಲಿತ್ತು, ಸಿಮೆಂಟಿನಲ್ಲಲ್ಲ ಎಂಬುದೂ ನೆನಪಿಡಬೇಕಾದ ಮಾತು. ಮನೆ ಕೆಲಸಕ್ಕೆ ಈ ಪುಡಿಯ ಅಗತ್ಯವಿಲ್ಲ. ನೀರಿನ ದಾಹ ಹೆಚ್ಚಿರುವ ಇದನ್ನು ಸೂಪರ್‌ಪ್ಲಾಸ್ಟಿಸೈಜರ್ ಇಲ್ಲದೆ ಬಳಸುವಂತೆಯೂ ಇಲ್ಲ.

ಕಲಸಬಾರದ ನೀರು

ಇನ್ನು ನೀರಿನ ಗುಣ. ಅಬ್ರಾಮ್ಸ್ 1924ರಲ್ಲಿ ಜೌಗು ನೀರು, ಗಣಿ ನೀರು, ಚರಂಡಿ ನೀರು, ಕಾರ್ಖಾನೆಯ ತ್ಯಾಜ್ಯ ಎಲ್ಲದರಲ್ಲೂ ಕಾಂಕ್ರೀಟ್ ಕಲಸಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ನೋಡಲು ಕೆಟ್ಟದಾಗಿದ್ದ ಬಹಳಷ್ಟು ನೀರು ತಕ್ಕಮಟ್ಟಿನ ಬಲವನ್ನೇ ಕೊಟ್ಟಿತ್ತು. ನೀರು ತಿಳಿಯಾಗಿದೆಯೋ ಇಲ್ಲವೋ ಎಂಬುದಕ್ಕಿಂತ ಅದರಲ್ಲಿ ಏನು ಕರಗಿದೆ ಎಂಬುದು ಮುಖ್ಯ.

ಐಎಸ್ 456 ಪ್ರಕಾರ ಕಲಸುವ ನೀರಿನ ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಲೀಟರಿಗೆ ಸಾವಯವ ವಸ್ತು 200 ಮಿಲಿಗ್ರಾಂ, ಸಲ್ಫೇಟ್ 400 ಮಿಲಿಗ್ರಾಂ, ಕಬ್ಬಿಣವಿರುವ ಕೆಲಸಕ್ಕೆ ಕ್ಲೋರೈಡ್ 500 ಮಿಲಿಗ್ರಾಂ ಮೀರಬಾರದು. ಮಂಗಳೂರಿನಿಂದ ಕಾಸರಗೋಡಿನವರೆಗೆ ಕಡಲಂಚಿನ ಬಾವಿಗಳಿಗೆ ಉಪ್ಪು ನುಗ್ಗುವ ಕಡೆ ತಲೆನೋವು ಕ್ಲೋರೈಡ್‌ನದು. ಬೆಟ್ಟದ ಮೇಲಿನ ಶ್ರೀಮಂಗಲಕ್ಕೆ ಆ ಭಯವಿಲ್ಲ. ಇಲ್ಲಿನ ಅಪಾಯ ಸಾವಯವ ವಸ್ತು ಮತ್ತು ಹುಳಿ.

ಅದರಲ್ಲೂ ಕಾಫಿಯ ಪಲ್ಪರ್ ನೀರು. ಹಣ್ಣು ಬಿಡಿಸಿ ತೊಳೆದ ನೀರಿನಲ್ಲಿ ಲೋಳೆಯ ಸಕ್ಕರೆ ತುಂಬಿರುತ್ತದೆ, ಹುದುಗಿದಂತೆ ಹುಳಿಯೂ ಏರುತ್ತದೆ. ಸಕ್ಕರೆ ಸಿಮೆಂಟಿನ ಹಗೆ. ಸಿಮೆಂಟಿನ ತೂಕದ ಶೇಕಡಾ 0.05ರಷ್ಟು, ಅಂದರೆ ಮೂಟೆಗೆ 25 ಗ್ರಾಂ ಸಕ್ಕರೆ ಸೇರಿದರೆ ಗಟ್ಟಿಯಾಗುವುದು ಗಂಟೆಗಟ್ಟಲೆ ತಡವಾಗುತ್ತದೆ. 100 ಗ್ರಾಂ ದಾಟಿದರೆ ಗಟ್ಟಿಯಾಗದೆಯೇ ಉಳಿಯಬಹುದು. ಪಲ್ಪಿಂಗ್ ನಡೆಯುವುದೂ ಕಟ್ಟಡ ಕೆಲಸ ನಡೆಯುವುದೂ ಒಂದೇ ಕಾಲದಲ್ಲಿ. ಪಲ್ಪರ್ ಗುಂಡಿಯ ಪಕ್ಕದ ಕೆರೆಯಿಂದಲೋ ಅದರ ಕೆಳಗಿನ ತೋಡಿನಿಂದಲೋ ಪೈಪ್ ಎಳೆದರೆ ಕೆಡುಕು ತಪ್ಪದು. ಹಿಂದಿನವರು ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸುತ್ತಿದ್ದದ್ದು ನಿಜ, ಅದು ಸುಣ್ಣಕ್ಕೆ ಒಗ್ಗಿದ್ದೂ ನಿಜ. ಅದೇ ಬೆಲ್ಲವನ್ನು ಸಿಮೆಂಟಿಗೆ ಹಾಕಿದರೆ ಕೆಲಸ ಕೆಡುತ್ತದೆ.

ಎರಡನೆಯ ಎಚ್ಚರಿಕೆ ಡ್ರಮ್ಮಿನದು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಕದಡಿದ ಡ್ರಮ್ಮನ್ನೇ ಸಿಮೆಂಟಿನ ನೀರಿಗೂ ಇಡುವುದುಂಟು. ತಾಮ್ರದ ಲವಣಗಳೂ ಸಿಮೆಂಟನ್ನು ತಡಮಾಡುವಂಥವೇ. ನೀರಿಗೆ ಬೇರೆಯದೇ ಡ್ರಮ್ಮಿರಲಿ.

ಊರಿಗೆ ಬೇಕಾದ 'ಸಂಸ್ಕರಣೆ' ಹೀಗಾಗಿ ದುಬಾರಿಯಲ್ಲ. ಕೆಂಪಗೆ ಕದಡಿದ ನೀರನ್ನು ಒಂದು ದಿನ ತೊಟ್ಟಿಯಲ್ಲಿ ನಿಲ್ಲಿಸಿ ಮೇಲಿನ ತಿಳಿ ತೆಗೆದುಕೊಳ್ಳಬೇಕು. ಎಲೆ ಕೊಳೆತ ಬಣ್ಣದ ನೀರು, ಪಲ್ಪರ್ ನೀರು ದೂರವಿರಬೇಕು. ಅನುಮಾನವಿದ್ದರೆ ಸಂಹಿತೆಯೇ ಹೇಳುವ ಪರೀಕ್ಷೆ ಇದೆ: ಆ ನೀರಿನಲ್ಲಿ 150 ಮಿಲಿಮೀಟರಿನ ಮೂರು ಕ್ಯೂಬ್, ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಕ್ಯೂಬ್ ಹಾಕಿ 28 ದಿನಕ್ಕೆ ಒಡೆಸಿ ನೋಡುವುದು. ಮೊದಲಿನವುಗಳ ಸರಾಸರಿ ಎರಡನೆಯವುಗಳ ಶೇಕಡಾ 90ಕ್ಕೆ ಕಡಿಮೆಯಾಗಬಾರದು. ಪೊನ್ನಂಪೇಟೆ, ಕುಶಾಲನಗರಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ವಿಚಾರಿಸಲು ಬೆಂಗಳೂರಿಗೆ ಓಡಬೇಕಿಲ್ಲ.

ಬೆಂಗಳೂರಿನ ಪ್ರಶ್ನೆ ಬೇರೆ. 2024ರ ಮಾರ್ಚ್‌ನ ನೀರಿನ ಬವಣೆಯಲ್ಲಿ ಅಲ್ಲಿನ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಸಂಸ್ಕರಿಸಿದ ಚರಂಡಿ ನೀರೇ ಅಲ್ಲಿ ದಾರಿ. ಸಾವಯವ ವಸ್ತು, ಕ್ಲೋರೈಡ್, ನೊರೆ ಬರಿಸುವ ಮಾರ್ಜಕ ಇವು ಮಿತಿಯೊಳಗಿದ್ದರೆ ಆ ನೀರು ಕಾಂಕ್ರೀಟಿಗೆ ಸಲ್ಲುತ್ತದೆ. ಅದರ ಲಾಭ ಕಾವೇರಿಯ ಉಳಿತಾಯ. ಬಲ ಹೆಚ್ಚಳ ಅಲ್ಲ.

ಅಯಸ್ಕಾಂತ ಹಾಯಿಸಿದ ನೀರು

ಬಲವನ್ನೇ ಹೆಚ್ಚಿಸುತ್ತದೆ ಎಂದು ಹೇಳಿಕೊಳ್ಳುವುದು ಅಯಸ್ಕಾಂತದ ನೀರು. ಬಾಯ್ಲರಿನಲ್ಲಿ ಹೆಪ್ಪುಗಟ್ಟುವ ಸುಣ್ಣ ತಡೆಯಲೆಂದು ಬೆಲ್ಜಿಯಂನ ವರ್ಮೈರೆನ್ 1945ರಲ್ಲಿ ಇಂಥ ಉಪಕರಣಕ್ಕೆ ಪೇಟೆಂಟ್ ಪಡೆದರು. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಇದು ಕಾಂಕ್ರೀಟಿಗೂ ಬಂತು. ತೈವಾನಿನ ನಾನ್ ಸು ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸ್ಲ್ಯಾಗ್ ಬೆರೆಸಿದ ಕಾಂಕ್ರೀಟಿನ ಬಲ ಶೇಕಡಾ 10ರಿಂದ 23ರವರೆಗೆ ಏರಿತೆಂದು ವರದಿಯಾಯಿತು. ಆಮೇಲೆ ಬೇರೆಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಕೆಲವು ಗಣನೀಯ ಹೆಚ್ಚಳವನ್ನೂ ಕೆಲವು ಬಹು ಕಡಿಮೆ ಹೆಚ್ಚಳವನ್ನೂ ಕಂಡಿವೆ.

ಅಡ್ಡಿ ಇರುವುದು ವಿವರಣೆಯಲ್ಲಿ. ನೀರಿನ ಅಣುಗಳ ಗುಂಪು ಒಡೆದು ಸಿಮೆಂಟಿನೊಳಗೆ ಚೆನ್ನಾಗಿ ಇಳಿಯುತ್ತದೆ ಎನ್ನುವ ವಾದವಿದೆ. ಆದರೆ ದ್ರವ ನೀರಿನಲ್ಲಿ ಅಣುಗಳ ನಡುವಿನ ಕೊಂಡಿಗಳು ಕಡಿದು ಕೂಡುವುದು ಸೆಕೆಂಡಿನ ಲಕ್ಷಕೋಟಿ ಭಾಗದಷ್ಟು ಕಿರಿಯ ಕಾಲದಲ್ಲಿ. ಪೈಪಿನಲ್ಲಿ ಆದ ಬದಲಾವಣೆ ಮಿಕ್ಸರ್ ಮುಟ್ಟುವವರೆಗೆ ಉಳಿಯುತ್ತದೆ ಎನ್ನಲು ಗಟ್ಟಿ ಆಧಾರ ಬೇಕು. ಕರಗಿದ ಲವಣಗಳ ಹರಳು ಬದಲಾಗುತ್ತದೆ ಎಂಬ ಇನ್ನೊಂದು ವಾದಕ್ಕೆ ಸ್ವಲ್ಪ ಹೆಚ್ಚಿನ ತೂಕವಿದೆ; ಹಾಗಿದ್ದಲ್ಲಿ ಲವಣವೇ ಕಡಿಮೆಯಿರುವ ಶ್ರೀಮಂಗಲದ ನೀರಿನಲ್ಲಿ ಅಯಸ್ಕಾಂತಕ್ಕೆ ಕೆಲಸವೇ ಇಲ್ಲ. ಭಾರತದ ಸಂಹಿತೆಯಲ್ಲಿ ಈ ನೀರಿನ ಹೆಸರಿನಲ್ಲಿ ಯಾವ ರಿಯಾಯಿತಿಯೂ ಇಲ್ಲ. ಮಾರಲು ಬಂದವರಿಗೆ ಒಂದೇ ಕೋರಿಕೆ ಸಾಕು: ನಮ್ಮ ನೀರು, ನಮ್ಮ ಸಿಮೆಂಟು, ಒಂದೇ ಅನುಪಾತ; ಯಾವುದು ಯಾವ ನೀರಿನದೆಂದು ಪರೀಕ್ಷಿಸುವವರಿಗೆ ತಿಳಿಯದಂತೆ ಕ್ಯೂಬ್ ಒಡೆಸಿ ತೋರಿಸಿ.

ಮೇಲೆ ಹಾಕುವ ನೀರು

ಕಲಸುವ ನೀರಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವವರು ಕ್ಯೂರಿಂಗ್ ನೀರನ್ನು ಮರೆಯುತ್ತಾರೆ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ಮತ್ತು ಸ್ಲ್ಯಾಗ್ ಸಿಮೆಂಟಿಗೆ ಕನಿಷ್ಠ 10 ದಿನ ಮೈ ಒದ್ದೆಯಿರಬೇಕೆಂದು ಸಂಹಿತೆ ಹೇಳುತ್ತದೆ. ಪುಡಿ ಬೆರೆತ ಸಿಮೆಂಟು ನಿಧಾನಿ. 28 ದಿನದ ನಂತರವೂ ಬಲ ಏರುತ್ತಲೇ ಹೋಗುತ್ತದೆ, ಒಳಗೆ ತೇವ ಉಳಿದಿದ್ದರೆ ಮಾತ್ರ. ಮಳೆನಾಡಿನಲ್ಲಿ ಇದೇನು ಕಷ್ಟ ಎನ್ನಬಹುದು. ಕಷ್ಟವಿರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕೆರೆಯ ನೀರು ರೊಬಸ್ಟಾ ಹೂವಿಗೆಂದು ಸ್ಪ್ರಿಂಕ್ಲರ್‌ಗೆ ಹೋಗುವ ಆ ಹೊತ್ತಿನಲ್ಲಿ ಹೊಸ ಕಣ ಒಣಗಿ ಬಿರಿಯುತ್ತದೆ. ಗೋಣಿಚೀಲವೋ ಭತ್ತದ ಹುಲ್ಲೋ ಹೊದಿಸಿ ಮೇಲೆ ಪ್ಲಾಸ್ಟಿಕ್ ಮುಚ್ಚಿದರೆ ಅರೆವಾಸಿ ನೀರಿನಲ್ಲಿ ಕೆಲಸವಾಗುತ್ತದೆ. ಮೂಟೆಗಳನ್ನು ನೆಲದಿಂದ ಎತ್ತರಿಸಿ, ಗೋಡೆಯಿಂದ ದೂರವಿಟ್ಟು, ಮಳೆಗಾಲ ದಾಟಿಸದೆ ಖಾಲಿ ಮಾಡುವುದೂ ಅಷ್ಟೇ ಮುಖ್ಯ. ತೇವದ ಹವೆಯಲ್ಲಿ ಮೂರು ತಿಂಗಳು ಕಳೆದ ಸಿಮೆಂಟು ತನ್ನ ಬಲದ ಐದನೇ ಒಂದು ಭಾಗವನ್ನೇ ಕಳೆದುಕೊಂಡಿರಬಹುದು.

ತೀರ್ಮಾನ

ಎಲ್ಲ ಒಟ್ಟಿಗೆ ಇಟ್ಟು ತೂಗಿದರೆ ಬಲದ ಮೂಲಗಳು ಒಂದು ಕ್ರಮದಲ್ಲಿ ನಿಲ್ಲುತ್ತವೆ. ಮೊದಲನೆಯದು ಅಳೆದ ನೀರು, ಮರಳಿನ ತೇವ ಕಳೆದು. ಎರಡನೆಯದು ವೈಬ್ರೇಟರ್ ಮತ್ತು ಹತ್ತು ದಿನದ ಕ್ಯೂರಿಂಗ್. ಮೂರನೆಯದು ತಾಜಾ ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟ್. ನಾಲ್ಕನೆಯದು ನೀರು ಇಳಿಸುವ ದ್ರಾವಣ, ನೀರು ನಿಜವಾಗಿ ಇಳಿಸಿದರೆ. ಸಿಲಿಕಾ ಫ್ಯೂಮ್ ದೊಡ್ಡ ಕಾಮಗಾರಿಗಳ ಸೊತ್ತು. ಅಯಸ್ಕಾಂತದ ನೀರಿಗೆ ಇಂದಿನ ಪುರಾವೆಯ ಮೇಲೆ ಹಣ ಹಾಕುವಂತಿಲ್ಲ. ಮನೆಯನ್ನೋ ಕಣವನ್ನೋ ಮಾಡಿಸಲು ಹೊರಟವರು ದ್ರಾವಣದ ಡಬ್ಬಿಗೆ ಮುಂಚೆ ಲೀಟರ್ ಗುರುತಿರುವ ಒಂದು ಬಕೆಟ್, ಎರಡು ಟಾರ್ಪಾಲು ಕೊಳ್ಳಲಿ. ಕಾಂಕ್ರೀಟ್ ಹಾಕುವ ದಿನ ಮಿಕ್ಸರ್ ಪಕ್ಕದಲ್ಲಿ ನಿಂತು, ಮೂಟೆಗೆ ಎಷ್ಟು ನೀರು ಬೀಳುತ್ತಿದೆ ಎಂದು ತಾವೇ ಎಣಿಸಲಿ.